ಮೇಷ್ಟ್ರ ಮೈಯಲ್ಲಿದ್ದ ಆಟ

ಜಿಲ್ಲಾ ಮಟ್ಟದ ಕ್ರೀಡಾಕೂಟದಲ್ಲಿ ಒಂದು ತಂಡ ಮೈದಾನಕ್ಕಿಳಿದು ಸ್ವಲ್ಪ ಹೊತ್ತು ಮೈ ಬೆಚ್ಚಗೆ ಮಾಡಿಕೊಂಡರೆ ಸಾಕು, ಅವರ ಮೇಷ್ಟ್ರು ವಯಸ್ಸಿನಲ್ಲಿ ಯಾವ ಆಟ ಆಡಿದವರು ಅಂತ ನಾನು ಹೇಳಬಲ್ಲೆ. ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ವರ್ಷಗಟ್ಟಲೆ ಇದ್ದವಳು ನಾನು. ಸರದಿ ಬರುವ ತನಕ ಬೇಲಿಯ ಪಕ್ಕ ಕೂತು ಬೇರೆಯವರ ಮಕ್ಕಳನ್ನು ನೋಡುವುದೇ ಕೆಲಸವಾಗಿದ್ದವರಿಗೆ ಈ ಕಣ್ಣು ತಾನಾಗಿ ಬರುತ್ತದೆ. ಮಗು ಕಾಲೂರುವ ರೀತಿ, ಭುಜ ತಿರುಗಿಸುವ ರೀತಿ, ಔಟಾದ ತಕ್ಷಣ ಅದು ನೆಲ ನೋಡುತ್ತದೋ ಮೇಷ್ಟ್ರ ಮುಖ ನೋಡುತ್ತದೋ ಎನ್ನುವುದು, ಎಲ್ಲದರಲ್ಲೂ ಕಲಿಸಿದವರ ಹಳೆಯ ಆಟ ಇರುತ್ತದೆ.

ಇದು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲಿನಲ್ಲಿ. ಕಬಡ್ಡಿ ಕಲಿಸುವವರು ಸಾಮಾನ್ಯವಾಗಿ ಕಬಡ್ಡಿ ಆಡಿದವರೇ. ಈ ಎರಡು ಆಟಗಳನ್ನು ಮಾತ್ರ ನಮ್ಮ ಕಡೆ ಯಾರೂ ಆಡಿ ಬೆಳೆದಿರಲಿಲ್ಲ. ಸ್ಕೂಲ್ ಗೇಮ್ಸ್ ಪಟ್ಟಿಯಲ್ಲಿ ಅವುಗಳ ಹೆಸರಿತ್ತು, ಆಯ್ಕೆಯಾದ ಮಕ್ಕಳಿಗೆ ಪ್ರಮಾಣಪತ್ರ ಸಿಗುತ್ತಿತ್ತು, ವಾಲಿಬಾಲಿಗಿದ್ದಷ್ಟು ಪೈಪೋಟಿ ಇರಲಿಲ್ಲ. ಹಾಗಾಗಿ ಅಕ್ಕಪಕ್ಕದ ತಾಲ್ಲೂಕಿನ ಕೆಲವರು ಮಾತಾಡಿಕೊಂಡು ಶುರು ಮಾಡಿದೆವು. ಹುಡುಗರಿಗೆ ಬೇಸ್‌ಬಾಲ್, ಹುಡುಗಿಯರಿಗೆ ಸಾಫ್ಟ್‌ಬಾಲ್. ಗೋಣಿಚೀಲಕ್ಕೆ ಮಣ್ಣು ತುಂಬಿ ಹೊಲಿದರೆ ಅದೇ ಬೇಸ್. ಗ್ಲೌಸು ಇಡೀ ತಂಡಕ್ಕೆ ಸಾಲುತ್ತಿರಲಿಲ್ಲ. ಫೀಲ್ಡಿಂಗ್ ಬದಲಾಗುವಾಗ ಎದುರಾಳಿ ಮಕ್ಕಳು ತಾವು ತೊಟ್ಟಿದ್ದನ್ನು ಬಿಚ್ಚಿ ನಮ್ಮವರ ಕೈಗೆ ಕೊಟ್ಟು ಹೋಗುತ್ತಿದ್ದರು. ನಿಯಮದ ಪುಸ್ತಕ ಓದಿದ್ದೆವು. ಆದರೆ ಓಡುವುದು, ಬಾಗುವುದು, ಎಸೆಯುವುದು ಪುಸ್ತಕದಿಂದ ಬರುವುದಿಲ್ಲವಲ್ಲ! ಅದನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮೈಯಿಂದಲೇ ತೆಗೆದು ಕೊಟ್ಟೆವು.

ನನ್ನ ಮೈಯಲ್ಲಿದ್ದದ್ದು ಖೋ-ಖೋ. ಓದಿದ್ದು, ಆಡಿದ್ದು ಗೌರಿಬಿದನೂರಿನಲ್ಲಿ. ನೇತಾಜಿ ಕ್ರೀಡಾಂಗಣದ ಮಣ್ಣಿನಲ್ಲಿ ಮಂಡಿ ತರಚಿಕೊಳ್ಳದ ವಾರ ಇರುತ್ತಿರಲಿಲ್ಲ. ನಮಗೆ ಖೋ-ಖೋ ಕಲಿಸಿದ ಮೇಷ್ಟ್ರು ಮಾತ್ರ ಕಬಡ್ಡಿಯವರು. ರೇಡಿಗೆ ಹೋಗಿ ಹೆಸರು ಮಾಡಿದವರು. ಖೋ-ಖೋ ಕಲಿಸುವಾಗಲೂ ಅವರ ಕಬಡ್ಡಿ ಬಿಡುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ ಕಂಬದಿಂದ ಕಂಬಕ್ಕೆ ಓಡಿಸುತ್ತಿದ್ದರು. ಉಸಿರು ಬಿಟ್ಟವಳು ಮೊದಲಿನಿಂದ ಓಡಬೇಕು. ಬಿದ್ದರೆ ಹೇಗೆ ಬೀಳಬೇಕು ಅಂತ ಬೇರೆಯಾಗಿಯೇ ಹೇಳಿಕೊಡುತ್ತಿದ್ದರು. ನಾಲ್ಕು ಜನ ಹಿಡಿದಾಗಲೂ ಮೈ ಉದ್ದ ಮಾಡಿ, ಕಾಲಿನ ಹೆಬ್ಬೆರಳೋ ಕೈಯ ತುದಿಯೋ ಮಧ್ಯದ ಗೆರೆಗೆ ತಾಗಿಸುವುದು ರೇಡರ್‌ನ ಜೀವ ಉಳಿಸುವ ವಿದ್ಯೆ. ಅದನ್ನು ಖೋ-ಖೋ ಹುಡುಗಿಯರಿಗೆ ಯಾಕೆ ಕಲಿಸುತ್ತಾರೆ ಅಂತ ಆಗ ನಮಗೆ ಅರ್ಥವಾಗುತ್ತಿರಲಿಲ್ಲ. ಪೋಲ್ ಡೈವ್ ಮಾಡುವಾಗ ಅರ್ಥವಾಯಿತು. ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಇಡೀ ಮೈಯನ್ನು ನೆಲಕ್ಕೆ ಸಮವಾಗಿ ಚಾಚಿ ಓಡುವವಳನ್ನು ಮುಟ್ಟುವಾಗ ನಮ್ಮ ಶಾಲೆಯ ಹುಡುಗಿಯರಿಗೆ ಉಳಿದವರಿಗಿಂತ ಒಂದು ಗೇಣು ಹೆಚ್ಚು ಉದ್ದ ಸಿಗುತ್ತಿತ್ತು.

ಇದನ್ನೆಲ್ಲ ನಾನು ಶಿಡ್ಲಘಟ್ಟಕ್ಕೆ ಹೊತ್ತು ತಂದೆ ಎನ್ನುವುದು ಸಾಫ್ಟ್‌ಬಾಲ್ ಕಲಿಸಲು ಹೊರಟಾಗ ಗೊತ್ತಾಯಿತು. ಹೊಡೆದವಳು ಮೊದಲ ಬೇಸ್ ಮುಟ್ಟಿ ಎರಡನೆಯದಕ್ಕೆ ಹೋಗಬೇಕೆಂದರೆ ನೇರ ಓಡಿ ಆಮೇಲೆ ತಿರುಗುವಂತಿಲ್ಲ, ವೇಗ ಸಾಯುತ್ತದೆ. ಸ್ವಲ್ಪ ಮುಂಚೆಯೇ ಹೊರಗೆ ವಾಲಿ, ಬೇಸಿನ ಒಳಮೂಲೆ ತುಳಿದು, ಎಡಕ್ಕೆ ಮೈ ಬಗ್ಗಿಸಿ ಸಾಗಬೇಕು. ನಮ್ಮ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಬೇಸನ್ನು ಖೋ-ಖೋ ಕಂಬ ಅಂದುಕೊಳ್ಳಿ ಅಂದೆ, ಅಷ್ಟೆ. ಸ್ಲೈಡ್ ಮಾಡುವಾಗ ನನ್ನ ಗೌರಿಬಿದನೂರಿನ ಮೇಷ್ಟ್ರೇ ಬಂದು ನಿಂತಂತಿತ್ತು. ಫೀಲ್ಡರ್ ಚೆಂಡು ಹಿಡಿದು ಕಾಯುತ್ತಿದ್ದಾಳೆ, ಓಡಿ ಬಂದವಳು ಮೈಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡು ಕಾಲಿನ ತುದಿಯಷ್ಟನ್ನೇ ಗೋಣಿಚೀಲಕ್ಕೆ ತಾಗಿಸುತ್ತಾಳೆ. ಅವರನ್ನು ಈ ಮಕ್ಕಳು ಕಂಡವರೇ ಅಲ್ಲ. ಅವರ ರೇಡು ಮಾತ್ರ ನನ್ನ ಮೂಲಕ ಹಾದು, ಅವರು ಹೆಸರೂ ಕೇಳಿರದ ಆಟವೊಂದರಲ್ಲಿ ಈ ಮಕ್ಕಳ ಕಾಲಿಗೆ ಬಂದು ಸೇರಿತ್ತು.

ಖೋ-ಖೋದ ಕಾಲಿಗೆ ಒಂದು ಸಂಗತಿ ಮಾತ್ರ ತಿಳಿಯದು: ಹಿಂದಿರುಗುವುದು. ಬೆನ್ನಟ್ಟುವವಳು ಒಂದು ದಿಕ್ಕು ಹಿಡಿದರೆ ಕಂಬ ದಾಟುವವರೆಗೆ ದಿಕ್ಕು ಬದಲಿಸುವಂತಿಲ್ಲ, ಬದಲಿಸಿದರೆ ಫೌಲ್. ಒಂಬತ್ತು ನಿಮಿಷದ ಸರದಿಯಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಬೆನ್ನಟ್ಟುವವಳಿಗೆ ಮುಂದೆ ಹೋಗುವುದೊಂದೇ ದಾರಿ. ಬೇಸ್‌ಬಾಲ್, ಸಾಫ್ಟ್‌ಬಾಲ್ ಹಾಗಲ್ಲ. ಮೇಲೆ ಹೋದ ಚೆಂಡನ್ನು ಫೀಲ್ಡರ್ ಹಿಡಿದರೆ, ಬೇಸ್ ಬಿಟ್ಟು ಹೊರಟವಳು ವಾಪಸು ಹೋಗಿ ಮೊದಲಿದ್ದ ಬೇಸನ್ನು ಮುಟ್ಟಲೇಬೇಕು. ನಮ್ಮ ಹುಡುಗಿಯರು ಮುಂದೆ ಬಾಣದಂತೆ ಹೋಗುತ್ತಿದ್ದರು, ತಿರುಗುವ ಹೊತ್ತಿಗೆ ಅವರಿಗಿಂತ ಮೊದಲು ಚೆಂಡು ಬೇಸಿಗೆ ಬಂದಿರುತ್ತಿತ್ತು. ಬ್ಯಾಟು ಹಿಡಿದವಳು ಚೆಂಡನ್ನು ಆಕಾಶಕ್ಕೆ ಎತ್ತಿದಳೆಂದರೆ ಒಂದಲ್ಲ, ಎರಡು ಔಟು.

"ಮೇಡಂ, ನಿಮ್ಮ ಹುಡುಗೀರು ಹಿಂದಕ್ಕೆ ನೋಡೋದೇ ಇಲ್ವಲ್ಲ. ಖೋ-ಖೋನಾ?" ಅಂತ ಬಂದು ಕೇಳಿದವರು ಚಿಂತಾಮಣಿ ಕಡೆಯ ಒಬ್ಬ ಮೇಷ್ಟ್ರು. ನನ್ನ ಆಟವನ್ನು ನನ್ನ ಮಕ್ಕಳ ಕಾಲಿನಲ್ಲಿ ಓದಿದವರು ಅವರೇ ಮೊದಲು. ಅಲ್ಲಿಂದ ಶುರುವಾದ ಸ್ನೇಹ ಅದು.

ಅವರು ಜಾವೆಲಿನ್ ಎಸೆದವರು. ಅವರ ಹುಡುಗರು ಬೇಸ್‌ಬಾಲ್ ಆಡಲು ನಿಂತರೆ ಚೆಂಡೆಸೆಯುವ ಪಿಚರ್‌ನ ಕೈ ನೋಡಬೇಕಿರಲಿಲ್ಲ, ಸೊಂಟ ನೋಡಿದರೆ ಸಾಕಾಗಿತ್ತು. ಕ್ರಿಕೆಟ್ ಆಡಿ ಬಂದ ಹುಡುಗ ಮೊಣಕೈ ಮಡಿಸಿ ಎಸೆಯಲು ಹೆದರುತ್ತಾನೆ. ಅಲ್ಲಿ ಅದು ನೋಬಾಲ್. ಬೇಸ್‌ಬಾಲಿನಲ್ಲಿ ಮಡಿಸದಿದ್ದರೆ ಚೆಂಡಿಗೆ ವೇಗ ಇಲ್ಲ. ಜಾವೆಲಿನ್‌ನಲ್ಲೂ ಹಾಗೇ: ಮುಂಗಾಲು ನೆಲಕ್ಕೆ ಬಲವಾಗಿ ಊರಬೇಕು, ಸೊಂಟ ಮೊದಲು ತಿರುಗಬೇಕು, ಎದೆ ಅದರ ಹಿಂದೆ, ಭುಜ ಎದೆಯ ಹಿಂದೆ, ಕೈ ಎಲ್ಲಕ್ಕಿಂತ ಕೊನೆಗೆ ಬರಬೇಕು. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೆ 18.44 ಮೀಟರ್, ಅಂದರೆ ಕ್ರಿಕೆಟ್ ಪಿಚ್‌ಗಿಂತ 1.7 ಮೀಟರಿನಷ್ಟು ಕಡಿಮೆ. ಓಡಿ ಬರುವ ಹಾಗಿಲ್ಲ, ನಿಂತ ಕಾಲಿನಿಂದಲೇ ಅಷ್ಟು ವೇಗ ಹುಟ್ಟಬೇಕು. ಅವರ ಹುಡುಗರಿಗೆ ಅದು ಹುಟ್ಟುತ್ತಿತ್ತು. ಚಿಂತಾಮಣಿಯ ಝಾನ್ಸಿ ಕ್ರೀಡಾಂಗಣದಲ್ಲಿ ಒಮ್ಮೆ ಅವರ ಅಭ್ಯಾಸ ನೋಡಲು ಹೋಗಿದ್ದೆ. ಅರ್ಧ ಗಂಟೆ ಯಾರ ಕೈಯಲ್ಲೂ ಚೆಂಡಿರಲಿಲ್ಲ. ಸುಮ್ಮನೆ ಸೊಂಟ ತಿರುಗಿಸಿ ನಿಲ್ಲುವುದು, ತಿರುಗಿಸಿ ನಿಲ್ಲುವುದು.

ಆದರೆ ಅವರ ಬಗ್ಗೆ ನನಗೆ ಗೌರವ ಹುಟ್ಟಿಸಿದ್ದು ಅವರು ಕಲಿಸಿದ ಎಸೆತಕ್ಕಿಂತ ಅವರು ತಡೆಯುತ್ತಿದ್ದ ಎಸೆತ. ಅವರ ಪ್ಯಾಂಟಿನ ಬಲಜೇಬಿನಲ್ಲಿ ಹುಣಸೆ ಬೀಜಗಳಿರುತ್ತಿದ್ದವು. ಪಿಚರ್ ಒಂದು ಎಸೆದರೆ ಒಂದು ಬೀಜ ಬಲದಿಂದ ಎಡಜೇಬಿಗೆ. ಕಣ್ಣು ಹುಡುಗನ ಮೇಲೆಯೇ, ಕೈ ಮಾತ್ರ ಜೇಬಿನಲ್ಲಿ. ಬಲಜೇಬು ಖಾಲಿಯಾದರೆ ಆ ಹುಡುಗನ ಕೆಲಸ ಆ ದಿನಕ್ಕೆ ಮುಗಿಯಿತು. ಪಂದ್ಯ ಕೈಯಳತೆಯಲ್ಲಿದ್ದರೂ ಬದಲಿಸುತ್ತಿದ್ದರು. ಪೋಷಕರು ಬಂದು ಜಗಳವಾಡಿದ್ದೂ ಉಂಟು, ಇನ್ನೊಂದು ಓವರ್ ಹಾಕಿಸಿದ್ದರೆ ಗೆಲ್ಲುತ್ತಿದ್ದೆವಲ್ಲ ಸಾರ್ ಅಂತ. ಅವರು ವಾದಕ್ಕೆ ನಿಲ್ಲುತ್ತಿರಲಿಲ್ಲ. ತಮ್ಮ ಬಲಗೈ ಮೇಲಕ್ಕೆ ಎತ್ತಿ ತೋರಿಸುತ್ತಿದ್ದರು. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು, ಅದಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕಾಲೇಜಿನ ದಿನಗಳಲ್ಲಿ ನೋವಿದ್ದರೂ ಎಸೆಯುತ್ತಲೇ ಹೋದ ಭುಜ ಅದು. ಸಾಕು ಅನ್ನುವವರು ಯಾರೂ ಇರಲಿಲ್ಲವಂತೆ.

ಬೆಳೆಯುವ ಮಕ್ಕಳ ಮೊಣಕೈಯಲ್ಲಿ, ಒಳಬದಿಯ ಎಲುಬಿನ ತುದಿಗೆ, ಇನ್ನೂ ಗಟ್ಟಿಯಾಗದ ಮೃದುವಾದ ಪದರ ಇರುತ್ತದೆ. ಎಲುಬಿನ ಆ ತುದಿ ಬೆಳೆಯುವುದು ಅಲ್ಲಿಂದ. ಪ್ರತಿ ಜೋರಿನ ಎಸೆತದಲ್ಲೂ ಸ್ನಾಯು ಅದನ್ನು ಎಳೆಯುತ್ತದೆ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆ 2007ರಿಂದ ಎಸೆತಗಳನ್ನು ಎಣಿಸುವ ನಿಯಮ ತಂದಿತು. 2014ರಲ್ಲಿ ಅಲ್ಲಿನ ಮೇಜರ್ ಲೀಗಿನವರೂ ಸೇರಿ ವಯಸ್ಸಿಗೆ ತಕ್ಕ ಮಿತಿ ಪ್ರಕಟಿಸಿದರು. 11-12 ವರ್ಷದವರಿಗೆ ದಿನಕ್ಕೆ 85, 13-14ರವರಿಗೆ 95, ಹೆಚ್ಚು ಎಸೆದ ಮೇಲೆ ಇಷ್ಟು ದಿನ ವಿಶ್ರಾಂತಿ ಅಂತ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಫ್ರಾಂಕ್ ಜೋಬ್ ಎಂಬ ವೈದ್ಯರು ಮೊದಲ ಬಾರಿಗೆ ಮಾಡಿದ ಶಸ್ತ್ರಚಿಕಿತ್ಸೆ ಈಗ ಆ ಆಟಗಾರನ ಹೆಸರಿನಲ್ಲೇ ಕರೆಯುವಷ್ಟು ಸಾಮಾನ್ಯವಾಗಿದೆ. ಚಿಂತಾಮಣಿಯ ಮೇಷ್ಟ್ರು ಈ ಪಟ್ಟಿಗಳನ್ನು ಓದಿದವರಲ್ಲ. ಅವರ ಜೇಬಿನ ಬೀಜಗಳು ಆ ಪಟ್ಟಿಯ ಮಿತಿಗಿಂತಲೂ ಕಡಿಮೆ ಇರುತ್ತಿದ್ದವು. ಪದಕ ಗೆದ್ದ ತರಬೇತುದಾರರನ್ನು ನಾವು ಹುಡುಕುತ್ತೇವೆ, ತಪ್ಪಲ್ಲ. ನನ್ನನ್ನು ಕೇಳಿದರೆ ಮಗುವಿನ ಮೈಯನ್ನು ಹೆಚ್ಚು ಕಾಪಾಡುವವರು ಮೈಗೆ ಪೆಟ್ಟು ತಿಂದವರೇ. ನನ್ನ ಮೈಗೆ ದೊಡ್ಡ ಪೆಟ್ಟು ಬಿದ್ದಿರಲಿಲ್ಲ, ಎಣಿಸಿ ನಿಲ್ಲಿಸುವುದನ್ನು ನಾನು ಕಲಿತದ್ದು ಅವರಿಂದ.

2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ತಂಡದ ಜೊತೆ ಒಪ್ಪಂದ ಮಾಡಿಕೊಂಡ ಸುದ್ದಿ ಪೇಪರಿನಲ್ಲಿ ಬಂದಾಗ ಚಿಂತಾಮಣಿಯ ಮೇಷ್ಟ್ರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ವೇಗವಾಗಿ ಎಸೆಯುವ ಭಾರತೀಯ ಹುಡುಗರನ್ನು ಹುಡುಕಲು ನಡೆಸಿದ ಸ್ಪರ್ಧೆಯಲ್ಲಿ ಸಾವಿರಾರು ಜನ ಎಸೆದರು. ಕ್ರಿಕೆಟ್ಟಿನ ಈ ದೇಶದಲ್ಲಿ ಗೆದ್ದು ಬಂದ ಇಬ್ಬರೂ ಜಾವೆಲಿನ್‌ನವರು! ಚಿಂತಾಮಣಿಯ ಮೇಷ್ಟ್ರಿಗೆ ಅದರಿಂದ ಆದ ಸಂತೋಷ ಇಷ್ಟಿಷ್ಟಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಆ ಹುಡುಗರನ್ನು ತಿದ್ದಿದ ಟಾಮ್ ಹೌಸ್. ಆತ ಮೇಜರ್ ಲೀಗಿನಲ್ಲಿ ಆಡಿದ ಪಿಚರ್, ಆದರೆ ಎಸೆತದಲ್ಲಿ ವೇಗವಿದ್ದವನಲ್ಲ. 1974ರಲ್ಲಿ ಹ್ಯಾಂಕ್ ಆರನ್ ಎಂಬ ಬ್ಯಾಟರ್ 715ನೇ ಹೋಂ ರನ್ ಹೊಡೆದು ದಾಖಲೆ ಮುರಿದಾಗ ಆ ಚೆಂಡು ಬಂದು ಬಿದ್ದದ್ದು ಮೈದಾನದ ಬೇಲಿಯ ಹಿಂದೆ ಸರದಿ ಕಾಯುತ್ತಿದ್ದ ಇದೇ ಹೌಸ್ ಕೈಗೆ. ಹುಟ್ಟಾ ವೇಗ ಇಲ್ಲದ ಕಾರಣಕ್ಕೇ ಎಸೆತ ಎಲ್ಲಿಂದ ಹುಟ್ಟುತ್ತದೆ ಎಂದು ಅಭ್ಯಾಸ ಮಾಡಿದ ಮನುಷ್ಯ, ಆಮೇಲೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದ. ಪಿಚರ್‌ಗಳ ಕೈಗೆ ಅಮೆರಿಕನ್ ಫುಟ್‌ಬಾಲ್ ಕೊಟ್ಟು ಎಸೆಸುತ್ತಿದ್ದ. ಬೇಸ್‌ಬಾಲೇ ನೋಡಿರದ ಇಬ್ಬರು ಜಾವೆಲಿನ್ ಹುಡುಗರು ಅವನಿಗೆ ಅಪರಿಚಿತರಾಗಿ ಕಂಡಿರಲಾರರು.

ನಮ್ಮ ಸುತ್ತ ಹೆಚ್ಚು ಇದ್ದವರು ಕ್ರಿಕೆಟ್ಟಿನಿಂದ ಬಂದವರೇ. ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಅವರ ತಂಡಗಳು ಆಡುವುದು ನೋಡಿದ್ದೇನೆ. 2007ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಜಿಲ್ಲಾ ಕೂಟಕ್ಕೆ ಕೋಲಾರಕ್ಕೆ ಹೋಗುವುದು ತಪ್ಪಿ, ಚಿಕ್ಕಬಳ್ಳಾಪುರವೇ ನಮಗೆ ಜಿಲ್ಲಾ ಕೇಂದ್ರವಾಗಿತ್ತು. ಕ್ರಿಕೆಟ್ ಮೇಷ್ಟ್ರ ಹುಡುಗ ಹೊಡೆದ ಮೇಲೆ ಒಂದು ಕ್ಷಣ ನಿಂತು ಚೆಂಡು ಎಲ್ಲಿ ಹೋಯಿತು ಅಂತ ನೋಡುತ್ತಾನೆ, ರನ್ ಬೇಕೋ ಬೇಡವೋ ಯೋಚಿಸುತ್ತಾನೆ. ಬೇಸ್‌ಬಾಲಿನಲ್ಲಿ ಆ ಯೋಚನೆಗೆ ಜಾಗ ಇಲ್ಲ, ಗೆರೆಯೊಳಗೆ ಬಿದ್ದರೆ ಓಡಲೇಬೇಕು. ಅದೇ ತಂಡ ಫೀಲ್ಡಿಂಗಿಗೆ ನಿಂತರೆ ಕಣ್ಣಿಗೆ ಹಬ್ಬ. ಎರಡು ಕೈ ಕೂಡಿಸಿ, ಚೆಂಡಿನ ಜೊತೆ ಕೈ ಹಿಂದಕ್ಕೆ ಎಳೆದುಕೊಂಡು ಹಿಡಿಯುವುದು ನೋಡಿದರೆ ಗ್ಲೌಸೇ ಬೇಡವೇನೋ ಅನ್ನಿಸುತ್ತಿತ್ತು. ಕ್ರಿಕೆಟ್ಟೂ ಬೇಸ್‌ಬಾಲಿನಿಂದ ಪಡೆದಿದೆ. ಆಸ್ಟ್ರೇಲಿಯಾ ತಂಡಕ್ಕೆ ಎಸೆತ, ಫೀಲ್ಡಿಂಗ್ ಕಲಿಸಿದ ಮೈಕ್ ಯಂಗ್ ಅಮೆರಿಕದಿಂದ ಬಂದ ಬೇಸ್‌ಬಾಲ್ ಕೋಚ್.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಇಡೀ ಕಸುಬಿಗೇ ಇಂಥ ಒಬ್ಬ ಮೇಷ್ಟ್ರಿದ್ದಾನೆ. ಅಮೆರಿಕದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದ. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಎರಡೂ ಹುಟ್ಟಿದ್ದು ಅಮೆರಿಕದ ವೈ.ಎಂ.ಸಿ.ಎ. ಶಿಕ್ಷಕರ ಕೈಯಲ್ಲಿ. ಮದ್ರಾಸಿನ ಆ ಶಾಲೆಯಲ್ಲಿ ತರಬೇತಿಯಾದವರು ದಕ್ಷಿಣ ಭಾರತದ ಶಾಲೆಗಳಿಗೆಲ್ಲ ಹೋದರು. ನಮ್ಮ ಹಳ್ಳಿಯ ಶಾಲೆಯಲ್ಲಿ ಬೇರೇನೂ ಇಲ್ಲದಿದ್ದರೂ ಎರಡು ಕಂಬ ನೆಟ್ಟು ವಾಲಿಬಾಲ್ ನೆಟ್ ಕಟ್ಟಿರುತ್ತೇವಲ್ಲ, ಅದರ ಹಿಂದೆ ಆತನಂಥವರ ಬಾಲ್ಯವೂ ಇದೆ.

ಮೇಷ್ಟ್ರ ಆಟದ ಬಗ್ಗೆಯೇ ಹೇಳುತ್ತಿದ್ದೇನೆ. ಆದರೆ ಮಕ್ಕಳೂ ಬರಿಗೈಯಲ್ಲಿ ಬರುವುದಿಲ್ಲ. ಲಗೋರಿ, ಚಿನ್ನಿದಾಂಡು ಆಡಿ, ಹುಣಸೆ ಮರಕ್ಕೆ ಕಲ್ಲು ಬೀಸಿ ಬಂದವರು ಅವರು. ನಮ್ಮ ಶಾಲೆಯಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಂದರೆ ಎರಡನೇ ಮೂರನೇ ಬೇಸಿನ ನಡುವೆ, ನಿಲ್ಲುತ್ತಿದ್ದ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಶಿಡ್ಲಘಟ್ಟದಲ್ಲಿ ಅರ್ಧ ಊರಿನ ಮನೆಗಳಲ್ಲಿ ಅದೇ. ಗೂಡಿನ ಮಾರುಕಟ್ಟೆಯಿಂದ ತಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದ ಮೇಲೆ ಒಂದೊಂದು ಗೂಡಿನ ಎಳೆಯ ತುದಿ ಹುಡುಕಬೇಕು. ಕೂದಲಿಗಿಂತ ತೆಳುವಾದದ್ದು, ಕಣ್ಣಿಗೆ ಸಿಗುವುದಕ್ಕಿಂತ ಬೆರಳಿಗೆ ಸಿಗುವಂಥದ್ದು. ಈ ಹುಡುಗಿ ನೆಲದ ಚೆಂಡನ್ನು ಗ್ಲೌಸಿನಲ್ಲಿ ಹಿಡಿದು ಇನ್ನೊಂದು ಕೈಗೆ ತೆಗೆದುಕೊಳ್ಳುವ ಆ ಒಂದು ಚಿಟಿಕೆ ಹೊತ್ತಿನಲ್ಲಿ, ಚೆಂಡಿನ ಕಡೆ ನೋಡದೆ, ಬೆರಳಲ್ಲಿ ಅದನ್ನು ಕಾಲು ಸುತ್ತು ತಿರುಗಿಸುತ್ತಿದ್ದಳು. ಬೆರಳ ತುದಿ ಹೊಲಿಗೆಗೆ ಅಡ್ಡವಾಗಿ ಕೂರುತ್ತಿತ್ತು. ಹಾಗೆ ಹಿಡಿದು ಎಸೆದರೆ ಚೆಂಡು ಪಕ್ಕಕ್ಕೆ ಎಳೆಯದೆ ನೇರ ಹೋಗುತ್ತದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ, ನನ್ನ ಆಟದಲ್ಲಿ ಚೆಂಡೇ ಇರಲಿಲ್ಲವಲ್ಲ. ಕಂಡುಹಿಡಿದವರು ಚಿಂತಾಮಣಿಯವರು.

"ಹೊಲಿಗೆ ಹುಡುಕೋದು ಯಾರು ಹೇಳಿಕೊಟ್ಟರಮ್ಮಾ?"

"ಯಾರೂ ಇಲ್ಲ ಸಾರ್. ಮನೇಲಿ ಎಳೆ ಹುಡುಕ್ತೀನಲ್ಲ, ಹಂಗೇ."

ಆ ದಿನದ ಮೇಲೆ ಉಳಿದ ಮಕ್ಕಳಿಗೆಲ್ಲ ಹೊಲಿಗೆ ಹಿಡಿಯುವುದನ್ನು ಅವಳ ಕೈಯಲ್ಲೇ ಕಲಿಸಿದೆ. ಕಣ್ಣಿಗೆ ಬಟ್ಟೆ ಕಟ್ಟಿ, ಸಾಲಾಗಿ ಕೂರಿಸಿ, ಚೆಂಡು ತಿರುಗಿಸುವುದು. ಅವಳು ಹಿಂದಿನಿಂದ ಒಬ್ಬೊಬ್ಬರ ಬೆರಳು ಮುಟ್ಟಿ ಸರಿ ಮಾಡುತ್ತಾ ಹೋಗುತ್ತಿದ್ದಳು.

ಆಮೇಲೆ ನಾವು ಶನಿವಾರ ಅದಲು ಬದಲು ಮಾಡಿಕೊಳ್ಳಲು ಶುರು ಮಾಡಿದೆವು. ಒಂದು ಸಲ ಅವರು ಬೆಳಗಿನ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ, ಇನ್ನೊಂದು ಸಲ ನಾನು ಚಿಂತಾಮಣಿಗೆ. ಇದಕ್ಕೆ ಯಾವ ಆದೇಶವೂ ಇರಲಿಲ್ಲ, ಟಿ.ಎ. ಬಿಲ್ಲೂ ಇಲ್ಲ. ಅವರು ನಮ್ಮ ಹುಡುಗಿಯರಿಗೆ ಸೊಂಟ ತಿರುಗಿಸುವುದು ಹೇಳಿಕೊಟ್ಟರು, ನಾನು ಅವರ ಹುಡುಗರನ್ನು ಕಂಬ ಸುತ್ತಿಸಿದೆ. ಅವರ ಹುಡುಗರು ಓಡುವಾಗ ಎದೆ ಮುಂದೆ ಮಾಡಿ ನೇರ ನಿಂತು ಓಡುತ್ತಿದ್ದರು, ಜಾವೆಲಿನ್‌ನ ರನ್‌ಅಪ್. ಬಾಗುವುದು ಕಲಿಯಲು ತಿಂಗಳುಗಳೇ ಹಿಡಿದವು. ನಮ್ಮ ಹುಡುಗಿಯರ ಹಿಂದಿರುಗುವ ಸಮಸ್ಯೆಗೆ ಅವರೇ ಉಪಾಯ ಮಾಡಿದರು. ಎರಡು ಬೇಸಿನ ನಡುವೆ ಹುಡುಗಿಯನ್ನು ನಿಲ್ಲಿಸಿ, ತಾವು ಚೆಂಡನ್ನು ಮೇಲಕ್ಕೆ ಎಸೆಯುವರು. ಚೆಂಡು ಮೇಲಿರುವಷ್ಟು ಹೊತ್ತು ಅವಳು ಒಂದು ಹೆಜ್ಜೆಯನ್ನೂ ಮುಂದಿಡಬಾರದು, ಬಿದ್ದರೆ ಮುಂದೆ, ಹಿಡಿದರೆ ಹಿಂದೆ. ಖೋ-ಖೋ ಕಾಲು ಕಾಯುವುದನ್ನು ಕಲಿಯಿತು.

ಈಗ ದೈಹಿಕ ಶಿಕ್ಷಕರಿಲ್ಲದ ಶಾಲೆಗಳು ನಮ್ಮ ಸುತ್ತ ಎಷ್ಟೋ ಇವೆ. ಗಣಿತದವರೋ ಕನ್ನಡದವರೋ ವಿಸಲ್ ಹಿಡಿದು ನಿಂತಿರುತ್ತಾರೆ. ಅವರನ್ನು ಕಂಡರೆ ಪಕ್ಕದಲ್ಲಿ ಕೂತು, ನೀವು ಚಿಕ್ಕವರಿದ್ದಾಗ ಏನು ಆಡುತ್ತಿದ್ದಿರಿ ಅಂತ ಕೇಳುತ್ತೇನೆ. ಏನೂ ಇಲ್ಲ ಅನ್ನುವವರು ಕುಂಟೆಬಿಲ್ಲೆಯನ್ನಾದರೂ ಆಡಿರುತ್ತಾರೆ. ಒಂಟಿಕಾಲಿನ ಸಮತೋಲ ಅದರಿಂದ ಬರುತ್ತದೆ, ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದಳು. ಹಳ್ಳಿಯ ಶಾಲೆಯ ಮೈದಾನದಿಂದ ಹೊರಟ ಹುಡುಗಿ. ಆ ಫೈನಲ್ ನೋಡುವಾಗ ನನ್ನ ಕಣ್ಣು ಅವಳಿಗೆ ಕಲಿಸಿದವರು ಏನು ಆಡಿದ್ದಿರಬಹುದು ಎಂದೇ ಹುಡುಕುತ್ತಿತ್ತು.

ಚಿಂತಾಮಣಿಯ ಮೇಷ್ಟ್ರು ನಿವೃತ್ತರಾಗಿದ್ದಾರೆ. ಫೋನ್ ಮಾಡಿದರೆ ಮೊದಲು ಆರೋಗ್ಯ, ಮಳೆ, ಮಾವಿನ ಫಸಲು, ಆಮೇಲೆ ಅದೇ ವಾದ. ಹೊಸ ಮಗುವಿಗೆ ಮೊದಲು ಎಸೆಯುವುದು ಕಲಿಸಬೇಕು, ಸೊಂಟ ಸರಿಯಾದರೆ ಕಾಲು ತಾನಾಗಿ ಬರುತ್ತದೆ ಎನ್ನುತ್ತಾರೆ ಅವರು. ಮೊದಲು ಓಡಿಸಬೇಕು ಸಾರ್, ಕಾಲು ನೆಲಕ್ಕೆ ಹೊಂದದೆ ಸೊಂಟ ಎಲ್ಲಿಂದ ತಿರುಗುತ್ತೆ ಎನ್ನುತ್ತೇನೆ ನಾನು. "ಮೇಡಂ, ನೀವು ಖೋ-ಖೋನೋರು, ನಿಮಗೆ ಹಂಗೇ ಅನ್ಸೋದು" ಅಂತ ಅವರು. ಅವರ ಮಾತು ನಾನಿನ್ನೂ ಒಪ್ಪಿಲ್ಲ.